ತೆಗೆದದ್ದು, ಬಿಟ್ಟದ್ದು

ಬೇರೆ ಊರುಗಳಲ್ಲಿ ಫೋಟೋ ಹಿಡಿಯುತ್ತಾರೆ. ಇನ್ನು ಕೆಲವು ಊರುಗಳಲ್ಲಿ ಹೊಡೆಯುತ್ತಾರೆ, ಅದು ಅವರವರ ಸ್ವಭಾವ. ನಮ್ಮೂರಲ್ಲಿ ಮಾತ್ರ ಫೋಟೋ ತೆಗೆಯುತ್ತಾರೆ. ತೆಗೆದರೆ ಮುಗಿಯಿತು, ತೆಗೆದ ಹಾಗೆಯೇ. ಚಪ್ಪರದ ಮಲ್ಲಿಗೆ ಬಳ್ಳಿಯನ್ನು ತೆಗೆದರೆ ಬಳ್ಳಿ ಫೋಟೋದಲ್ಲಿ ಇರುತ್ತದೆ, ಚಪ್ಪರದಲ್ಲಿ ಇರುವುದಿಲ್ಲ. ಇದು ಊರಿನ ಮಣ್ಣಿನ ಗುಣವೋ, ನಾವಾಡುವ ಮಾತಿನ ಗುಣವೋ, ನನಗೆ ಗೊತ್ತಿಲ್ಲ. ನಾನು ಗೊತ್ತಿಲ್ಲ ಅನ್ನುವುದು ಅಪರೂಪ. ಬರೆದಿಟ್ಟುಕೊಳ್ಳಿ.

ಊರಿನ ಹೆಸರು ಹೇಳೋಣವೆಂದರೆ ಅದೂ ಇಲ್ಲ. ಹೆಸರು ಬರೆದಿದ್ದ ಹಳದಿ ಕಲ್ಲನ್ನು ಫೋಟೋ ಕಲಿಯುವ ಹುಡುಗನೊಬ್ಬ ಕೈ ಪಳಗಲಿ ಅಂತ ತೆಗೆದುಬಿಟ್ಟ. ಅವತ್ತಿನಿಂದ ಬಸ್ಸು ಬರುತ್ತದೆ, ಎಲ್ಲಿಗೆ ಬಂದೆನೆಂದು ತಿಳಿಯದೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತ ನಿಲ್ಲುತ್ತದೆ, ಹೋಗುತ್ತದೆ.

ಇಂಥ ಊರಲ್ಲಿ ಬುದ್ಧಿ ಇದ್ದವರು ಏನು ಮಾಡುತ್ತಿದ್ದರು? ಕ್ಯಾಮೆರಾಗಳನ್ನೆಲ್ಲ ಮೂಟೆ ಕಟ್ಟಿ ಬಾವಿಗೆ ಹಾಕುತ್ತಿದ್ದರು. ನಮ್ಮವರು ಫೋಟೋ ಶಾಲೆ ತೆರೆದರು.

ಶಾಲೆ ಮೂರು ವರ್ಷದ್ದು. ಮೊದಲ ವರ್ಷದವರು ಸಣ್ಣಪುಟ್ಟದ್ದನ್ನು ತೆಗೆಯುತ್ತಾರೆ: ಬಟ್ಟೆ ಒಣಹಾಕುವ ಹಗ್ಗ, ಅಜ್ಜನ ಊರುಗೋಲು, ಮೂಲೆಯ ಜೇಡರ ಬಲೆ. ಎರಡನೆಯ ವರ್ಷದವರು ದೊಡ್ಡದಕ್ಕೆ ಕೈ ಹಾಕುತ್ತಾರೆ. ನಮ್ಮ ನಾಲ್ಕು ರಸ್ತೆ ಕೂಡುವಲ್ಲಿ ಈಗ ಮೂರೇ ರಸ್ತೆ. ನಾಲ್ಕನೆಯದರಲ್ಲಿ ಮನೆ ಇದ್ದವರು ಮೂರನೆಯದರಲ್ಲಿ ಹೋಗಿ, ದಿನಸಿ ಅಂಗಡಿಯ ಅಟ್ಟ ಹತ್ತಿ, ಆ ಕಡೆ ಇಳಿದು ಮನೆ ಸೇರುತ್ತಾರೆ. ಮೂರನೆಯ ವರ್ಷದವರು ಕಣ್ಣಿಗೆ ಕಂಡೂ ಕೈಗೆ ಸಿಗದ್ದನ್ನು ತೆಗೆಯುತ್ತಾರೆ. ನಮ್ಮೂರಿಗೆ ಸಂಜೆ ಇಲ್ಲದೆ ಹೋದದ್ದು ಹೀಗೆ. ಮಧ್ಯಾಹ್ನದ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕತ್ತಲು. ಸಂಜೆ ಶಾಲೆಯ ಬೀರುವಿನಲ್ಲಿದೆ, ಆಲ್ಬಮ್ಮಿನ ಹದಿನೇಳನೆಯ ಹಾಳೆಯಲ್ಲಿ, ಬಹಳ ಚೆನ್ನಾಗಿ ಬಂದಿದೆಯಂತೆ. ಹಾಳಾಗಬಾರದು ಅಂತ ಬೀಗ ಹಾಕಿದ್ದಾರೆ.

ತೆಗೆದದ್ದನ್ನು ಜನ ಮೂರು ದಿನದಲ್ಲಿ ಮರೆಯುತ್ತಾರೆ. ಆಲ್ಬಮ್ಮಿನಲ್ಲಿ ಇದೆಯಲ್ಲ ಅನ್ನುವ ಧೈರ್ಯ.

ಯಾರು ಏನು ತೆಗೆದರು ಅನ್ನುವುದನ್ನು ದಫ್ತರದವನು ದಪ್ಪ ಪುಸ್ತಕದಲ್ಲಿ ಬರೆಯುತ್ತಾನೆ. ಬರೆದದ್ದು ಬರೆದದ್ದೇ. ದಫ್ತರದಿಂದ ಏನನ್ನೂ ತೆಗೆಯುವ ಹಾಗಿಲ್ಲ, ತೆಗೆಯುವ ಕೆಲಸ ಕ್ಯಾಮೆರಾದ್ದು. ಒಂದು ಸಲ ಅಗಸನ ಕತ್ತೆಯ ಫೋಟೋ ತೆಗೆಯುವಾಗ ವಿದ್ಯಾರ್ಥಿಯ ಕೈ ಅಲ್ಲಾಡಿ ಕತ್ತೆಯ ಹಿಂದಿದ್ದ ಗೋಡೆ ಬಂತು. ಅಷ್ಟರಲ್ಲಿ ದಫ್ತರದವನು ‘ಕತ್ತೆ, ತೆಗೆದಿದೆ’ ಅಂತ ಬರೆದಾಗಿತ್ತು. ಆ ಕತ್ತೆ ಆಮೇಲೆ ಹನ್ನೊಂದು ವರ್ಷ ನಮ್ಮ ನಡುವೆಯೇ ಓಡಾಡಿಕೊಂಡಿತ್ತು. ಬಟ್ಟೆ ಹೊತ್ತಿತು, ಒದೆಯಿತು. ಆದರೆ ಇಲ್ಲ. ಅರಚಿದರೆ ಜನ ಗಾಳಿ ಜೋರಾಗಿದೆ ಅನ್ನುತ್ತಿದ್ದರು. ಇಲ್ಲದ ಕತ್ತೆಯನ್ನು ಇನ್ನೊಬ್ಬರು ತೆಗೆಯುವಂತೆಯೂ ಇಲ್ಲ. ಹಾಗಾಗಿ ಊರಿನ ಕತ್ತೆಗಳಲ್ಲೆಲ್ಲ ಪೂರ್ಣಾಯುಷ್ಯ ಬದುಕಿದ್ದು ಅದೊಂದೇ.

ಇನ್ನು ನನ್ನ ವಿಷಯ. ಯಾರ ಮನೆಗೂ ಹೆಣ್ಣು ಕೊಡದೆ ಊರಿಗೆಲ್ಲ ಮಾವ ಆದವನು ನಾನೊಬ್ಬನೇ. ಅದಕ್ಕೆ ಕಾರಣ ನನ್ನ ಕಲೆ. ಊರಿನ ಬಡಗಣ ದಿಕ್ಕಿಗೆ ನೋಡಿ, ಏನಾದರೂ ಕಾಣುತ್ತದೆಯೇ? ಅಲ್ಲೊಂದು ಗುಡ್ಡ ಇತ್ತು. ನಾನು ತೆಗೆದೆ. ಒಂದು ಕಲ್ಲು ಉಳಿಸದೆ ತೆಗೆದೆ. ಮಾರನೆಯ ವರ್ಷ ಪಡುವಣದ ಸಮುದ್ರ ತೆಗೆದೆ. ಸಮುದ್ರ ಇತ್ತೇ ಅಂತ ಒಬ್ಬಿಬ್ಬರು ಅನುಮಾನಪಟ್ಟರು. ಅದಕ್ಕೇ ಅಲ್ಲವೇ ಆ ಕಡೆಯ ಮನೆಗಳ ಸಾರು ಯಾವಾಗಲೂ ಉಪ್ಪುಪ್ಪು ಅಂತ ಒಬ್ಬ ಹಿರಿಯರು ಸಾಕ್ಷಿ ಹೇಳಿದರು. ಅದಾದ ಮೇಲೆ ರೈಲ್ವೆ ಸ್ಟೇಷನ್. ಸ್ಟೇಷನ್ ತೆಗೆದೆ, ರೈಲು ಮಾತ್ರ ಬಿಟ್ಟೆ.

ಶಾಲೆಯ ಮೊದಲ ತಂಡದವನು ನಾನು. ನಮ್ಮ ಕಾಲದಲ್ಲಿ ಆಲ್ಬಮ್ ತೋರಿಸುವ ಪದ್ಧತಿ ಇರಲಿಲ್ಲ, ಬಾಯಲ್ಲಿ ಹೇಳಿದರೆ ಸಾಕಿತ್ತು. ಕಲೆಗೆ ಅದಕ್ಕಿಂತ ಒಳ್ಳೆಯ ಕಾಲ ಬರಲಾರದು. ಫೋಟೋಗಳೆಲ್ಲ ನನ್ನ ತಗಡಿನ ಪೆಟ್ಟಿಗೆಯಲ್ಲಿವೆ ಅಂತ ಊರಿಗೆ ಗೊತ್ತು. ಪೆಟ್ಟಿಗೆಯನ್ನು ಊರು ನೋಡಿದೆ. ಒಳಗನ್ನು ನೋಡಿಲ್ಲ.

ನಿಮಗೆ ತೋರಿಸುತ್ತೇನೆ, ನೀವು ಹೊರಗಿನವರು. ಅದರಲ್ಲಿ ಇದ್ದದ್ದು ಒಂದೇ ಒಂದು ಫೋಟೋ.

ಮದುವೆಯಾದ ಹೊಸದು, ಶಾಲೆಗೆ ಸೇರಿದ ಮೊದಲ ವಾರ. ನನ್ನಾಕೆ ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಕಾಗೆಯೊಂದು ಒಂದು ಹಪ್ಪಳ ಕಚ್ಚಿಕೊಂಡು ಹಾರಿ, ಬೇರೆಲ್ಲೂ ಜಾಗ ಸಿಗಲಿಲ್ಲವೇನೋ, ನನ್ನ ತಲೆಯ ಮೇಲೆ ಕೂತು ಊಟ ಶುರು ಮಾಡಿತು. ಅವಳು ನಕ್ಕಳು. ಹಾಗೆ ನಗುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇದನ್ನು ಇಟ್ಟುಕೊಳ್ಳಬೇಕು ಅನ್ನಿಸಿತು. ಕೊರಳಲ್ಲಿ ಕ್ಯಾಮೆರಾ ಇತ್ತು. ತೆಗೆದೆ.

ಹಪ್ಪಳ ಉಳಿಯಿತು, ಕಾಗೆ ಉಳಿಯಿತು, ಅವಳೂ ಉಳಿದಳು. ನಗು ಮಾತ್ರ ಹೋಯಿತು. ಗುರಿ ಇಡುವುದರಲ್ಲಿ ನಾನು ಅಷ್ಟು ನಿಖರ, ಹೊಗಳಿಕೊಳ್ಳಬಾರದು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಹಪ್ಪಳಗಳನ್ನು ಮಗುಚಿ ಹಾಕಿ ಒಳಗೆ ಹೋದಳು. ನಾನು ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿದೆ. ನಲವತ್ತು ವರ್ಷ ಆ ಮುಚ್ಚಳ ಬಿಚ್ಚಿಲ್ಲ.

ವರ್ಷದ ಕೊನೆಗೆ ಏನು ತೆಗೆದೆ ಅಂತ ಕೇಳಿದರು. ಹೆಂಗಸರ ಸಾಲಿನಲ್ಲಿ ನನ್ನಾಕೆ ಕೂತಿದ್ದಳು. ಇದಕ್ಕಾದರೂ ನಗುತ್ತಾಳೇನೋ ಅಂತ ಗುಡ್ಡ ತೆಗೆದೆ ಅಂದುಬಿಟ್ಟೆ. ಊರೆಲ್ಲ ಬಡಗಣಕ್ಕೆ ತಿರುಗಿ ನೋಡಿತು. ಹೌದು, ಗುಡ್ಡ ಇರಲಿಲ್ಲ. ಚಪ್ಪಾಳೆ ಬಿತ್ತು. ಅವಳು ನಗಲಿಲ್ಲ. ಮಾರನೆಯ ವರ್ಷ ಸಮುದ್ರ ಬಿಟ್ಟೆ. ಇಲ್ಲದ್ದನ್ನು ತೆಗೆದೆ ಅಂದರೆ ಇಲ್ಲ ಅನ್ನಲು ಯಾರಿಂದ ಸಾಧ್ಯ? ಹೀಗೆ ವರ್ಷಕ್ಕೊಂದರಂತೆ ಬಿಡುತ್ತ ಬಂದೆ, ವರ್ಷಕ್ಕೊಂದರಂತೆ ದೊಡ್ಡವನಾಗುತ್ತ ಹೋದೆ. ಊರು ಬಾಯಿ ಬಿಟ್ಟು ಕೇಳಿತು. ಅವಳು ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, ಹುಳಿಗೆ ಬೇಳೆ ಹಾಕಬೇಕು ಅಂತ ಎದ್ದು ಹೋಗುತ್ತಿದ್ದಳು. ಅವಳಿಗೆ ನಗಬೇಕು ಅನ್ನಿಸಿದರೂ ನಗುವುದು ಎಲ್ಲಿಂದ? ಅದು ಪೆಟ್ಟಿಗೆಯಲ್ಲಿತ್ತು.

ಈಗ ನಲವತ್ತನೆಯ ವರ್ಷದ ಒಪ್ಪಿಸುವ ದಿನಕ್ಕೆ ಬರುತ್ತೇನೆ.

ಒಪ್ಪಿಸುವ ದಿನ ಅಂದರೆ ಶಾಲೆ ಮುಗಿಸುವವರು ಊರಿನ ಮುಂದೆ ನಿಂತು ಲೆಕ್ಕ ಒಪ್ಪಿಸುವ ದಿನ. ಬೇವಿನ ಮರದ ಕೆಳಗೆ ಜಮಖಾನ ಹಾಸುತ್ತಾರೆ. ವಿದ್ಯಾರ್ಥಿ ಎದ್ದು ಬಂದು ತಂಬಿಗೆಯ ನೀರಿನಿಂದ ಕಣ್ಣು ತೊಳೆಯುತ್ತಾನೆ. ಊರಿನವರು ಟವೆಲ್ಲಿನಿಂದ, ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಅಕಸ್ಮಾತ್ ಕ್ಯಾಮೆರಾ ತಿರುಗಿದರೆ ಅಂತ. ಆಮೇಲೆ ಮುಖ್ಯಗುರು ಮೂರು ಪ್ರಶ್ನೆ ಕೇಳುತ್ತಾನೆ. ಏನು ತೆಗೆದೆ? ಯಾರ ಕಣ್ಣಿಂದ ತೆಗೆದೆ? ಇನ್ನೇನು ತೆಗೆಯುವೆ? ಮೂರಕ್ಕೂ ಉತ್ತರ ಬಂದರೆ ಕ್ಯಾಮೆರಾ ಅವರದು. ಒಂದಕ್ಕೆ ತಪ್ಪಿದರೂ ಕ್ಯಾಮೆರಾ ಕಸಿದುಕೊಂಡು, ಹಣೆಗೆ ಮಸಿಯ ಬೊಟ್ಟಿಟ್ಟು, ಹೆಸರಿಲ್ಲದ ಬಸ್ ನಿಲ್ದಾಣಕ್ಕೆ ಬಿಟ್ಟು ಬರುತ್ತಾರೆ. ನಾನು ದೊಡ್ಡ ಕುರ್ಚಿಯಲ್ಲಿ ಕೂತು ತಲೆಯಾಡಿಸುತ್ತೇನೆ. ನನ್ನ ತಲೆಯಾಡಿಸುವಿಕೆಗೇ ಒಂದು ಹೆಸರಿತ್ತು.

ಆ ವರ್ಷ ವಿದ್ಯಾರ್ಥಿಗಳಿಗೆ ಒಂದೇ ಚಿಂತೆ. ವಿಷಯ ಸಿಗುತ್ತಿಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿ ಅಲೆಯುತ್ತಾರೆ, ಎಲ್ಲ ಯಾರೋ ತೆಗೆದಾಗಿದೆ ಅನ್ನುತ್ತಾರೆ, ಎದುರಿಗಿದ್ದ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾರೆ.

ಮೊದಲ ಬೆಂಚಿನವನು ಮೊದಲು ಬಂದ. ಅವನು ಎಲ್ಲದಕ್ಕೂ ಮೊದಲು ಬರುವವನು. ಕಣ್ಣು ತೊಳೆದ. ಏನು ತೆಗೆದೆ ಅಂದರು. ಸಂಜೆಯನ್ನು ತೆಗೆದದ್ದು ತಾನೇ ಎಂದು ನೆನಪಿಸಿದ. ಅದು ತನ್ನ ಎಳೆತನದ ಕೆಲಸ, ಈಗ ನೋಡಿದರೆ ಬಣ್ಣ ಜಾಸ್ತಿಯಾಯಿತು ಅನ್ನಿಸುತ್ತದೆ, ಆದರೆ ಮತ್ತೆ ತೆಗೆಯೋಣವೆಂದರೆ ಸಂಜೆ ಇಲ್ಲ ಎಂದು ಬಹಳ ವಿನಯದಿಂದ ಹೇಳಿದ. ಆಮೇಲೆ ತನ್ನ ಅಜ್ಜನ ನಡಿಗೆ ತೆಗೆದದ್ದನ್ನು ಹೇಳಿದ. ಅಜ್ಜ ಮೂಲೆಯಲ್ಲಿ ಕೂತು ಹೆಮ್ಮೆಯಿಂದ ಕೇಳುತ್ತಿದ್ದರು, ಎದ್ದು ನಿಲ್ಲಲು ಆಗಲಿಲ್ಲ. ಯಾರ ಕಣ್ಣಿಂದ ಅಂದಾಗ ನನ್ನ ಕಡೆ ಕೈ ಮುಗಿದ. ಮಾವ ಗುಡ್ಡ ತೆಗೆದ ರೀತಿಯೇ ತನಗೆ ಮೇಲ್ಪಂಕ್ತಿ, ಎಷ್ಟು ಸ್ವಚ್ಛವಾಗಿ ತೆಗೆದಿದ್ದಾರೆಂದರೆ ಅಲ್ಲಿ ಗುಡ್ಡ ಇತ್ತು ಅಂತಲೇ ಅನ್ನಿಸುವುದಿಲ್ಲ ಅಂದ. ನಾನು ತಲೆಯಾಡಿಸಿದೆ. ಇನ್ನೇನು ತೆಗೆಯುವೆ ಅಂದಾಗ ಮಾತ್ರ ಅವನ ಮುಖ ಇಳಿಯಿತು. ತೆಗೆಯುವ ಆಸೆ ಬೇಕಾದಷ್ಟಿದೆ, ಊರಲ್ಲಿ ಏನೂ ಉಳಿದಿಲ್ಲ ಅಂದ. ಆಸೆ ಇದೆಯಲ್ಲ, ಅದೇ ಉತ್ತರ ಅಂತ ಮುಖ್ಯಗುರು ಒಪ್ಪಿಕೊಂಡ. ಹಿಂದೆಯೇ ಇನ್ನೂ ಆರು ಜನ ಬಂದು ಅದನ್ನೇ ಹೇಳಿ ಪಾಸಾದರು.

ಕೊನೆಗೆ ಕೊನೆಯ ಬೆಂಚಿನವಳು ಬಂದಳು.

ಈ ಹುಡುಗಿ ಮೂರು ವರ್ಷವೂ ಯಾರ ಕಣ್ಣಿಗೂ ಬಿದ್ದವಳಲ್ಲ. ನಮ್ಮೂರಲ್ಲಿ ಅದು ಒಳ್ಳೆಯ ಅಭ್ಯಾಸ. ಕಣ್ಣು ತೊಳೆದಳು. ಏನು ತೆಗೆದೆ ಅಂದರು. ಆಲ್ಬಮ್ ಬಿಚ್ಚಿ ಹಿಡಿದಳು. ನಲವತ್ತು ಹಾಳೆ, ನಲವತ್ತೂ ಬಿಳಿ. ಪ್ರತಿ ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದೊಂದು ಸಾಲು.

ಇದೇನಮ್ಮ ಅಂತ ಮುಖ್ಯಗುರು ಕೇಳಿದ.

“ಬಿಟ್ಟದ್ದು, ಸರ್” ಅಂದಳು.

ಓದು ಅಂದರು. ಓದಿದಳು.

“ಬಾವಿ. ತೆಗೆಯಬೇಕು ಅಂತ ಹೋದೆ. ಬಿಟ್ಟೆ. ಬಾವಿಯ ಹತ್ತಿರದ ಬೇವಿನ ಮರ. ತೆಗೆಯಬೇಕು ಅಂತ ಹೋದೆ. ಬಿಟ್ಟೆ. ಹೂ ಮಾರುವಾಕೆ ಮೊಳ ಹಾಕುವಾಗ ಮೊಳಕೈಯಿಂದ ಒಂದು ಬೆರಳು ಆಚೆ ಬಿಡುವುದು. ತೆಗೆಯಬೇಕು ಅಂತ ಹೋದೆ. ಬಿಟ್ಟೆ. ಕುಂಟೆಬಿಲ್ಲೆಯ ಗೆರೆಗಳು. ಮೊಸರು ಕಡೆಯುವ ಸದ್ದು. ಅಮ್ಮನ ಆಕಳಿಕೆ...”

ಹೀಗೆ ಹಾಳೆ ಮಗುಚುತ್ತ ಹೋದಳು. ಪ್ರತಿ ಹಾಳೆಗೂ ಬಿಟ್ಟೆ, ಬಿಟ್ಟೆ ಅನ್ನುತ್ತ ಹೋದಳು. ಜನ ಮೆಲ್ಲಗೆ ಸೆರಗು, ಟವೆಲ್ಲು ಸರಿಸಿ ಮುಖ ಹೊರಗೆ ಹಾಕಿದರು. ತಲೆಯ ಮೇಲೆ ಬೇವಿನ ಮರ ಇತ್ತು. ಅದರ ಆಚೆ ಬಾವಿ ಇತ್ತು. ಅಷ್ಟು ವರ್ಷ ಆ ನೀರಿನಲ್ಲಿ ಕಣ್ಣು ತೊಳೆದವರು ನೀರು ತಂಬಿಗೆಯಿಂದ ಬರುತ್ತದೆ ಅಂದುಕೊಂಡಿದ್ದರು. ಒಂದು ಘಳಿಗೆ ಎಲ್ಲರೂ ಸುಮ್ಮನೆ ಸುತ್ತ ನೋಡಿದರು. ಊರಲ್ಲಿ ಇನ್ನೂ ಇಷ್ಟೆಲ್ಲ ಇದೆ.

ಆ ಘಳಿಗೆ ಅಲ್ಲೇ ನಿಂತಿದ್ದರೆ ಈ ಕಥೆ ಸಣ್ಣದಾಗುತ್ತಿತ್ತು. ಆದರೆ ನನ್ನ ಪಕ್ಕದಲ್ಲಿ ಸರಸರ ಅಂತ ಸದ್ದು. ಮೊದಲ ಬೆಂಚಿನವನು ಪೆನ್ಸಿಲ್ ತೆಗೆದು ಪಟ್ಟಿ ಬರೆದುಕೊಳ್ಳುತ್ತಿದ್ದ. ಅವನ ಹಿಂದೆ ಆರು ಜನ ಅವನನ್ನು ನೋಡಿ ಬರೆದುಕೊಳ್ಳುತ್ತಿದ್ದರು. ವಿಷಯ ಸಿಕ್ಕಿತ್ತು. ನಲವತ್ತು ವಿಷಯ, ವಿಳಾಸದ ಸಮೇತ.

ಹುಡುಗಿಗೆ ಅದು ಅರ್ಥವಾದದ್ದು ಮೂವತ್ತೊಂಬತ್ತನೆಯ ಹಾಳೆಯಲ್ಲಿ. ಅವಳ ದನಿ ಇಳಿಯಿತು. ಕೊನೆಯ ಹಾಳೆಯನ್ನು ಓದದೆ ಆಲ್ಬಮ್ ಮುಚ್ಚಿದಳು. ಮುಖ್ಯಗುರು ಅದನ್ನು ಕೈಯಿಂದ ಇಸಕೊಂಡು ತಾನೇ ಓದಿದ.

“ಮಾವನ ಮನೆಯ ಅತ್ತೆ. ಮಾವ ಕಥೆ ಹೇಳುವಾಗ ತುಟಿಯ ಎಡಗಡೆ ತುದಿ ಒಂದಿಷ್ಟು ಅಲ್ಲಾಡುತ್ತದೆ. ನಗು ಬರುವುದಕ್ಕೆ ಮುಂಚಿನದು. ಬಿಟ್ಟೆ.”

ನಲವತ್ತು ವರ್ಷ ಕಥೆ ಹೇಳಿದ್ದೇನೆ. ಹೇಳುವಾಗ ಊರನ್ನು ನೋಡುತ್ತಿದ್ದೆ, ಚಪ್ಪಾಳೆ ಯಾವ ಕಡೆಯಿಂದ ಬರುತ್ತದೆ ಅಂತ. ಮುಗಿದ ಮೇಲೆ ಅವಳನ್ನು ನೋಡುತ್ತಿದ್ದೆ. ಮುಗಿದ ಮೇಲೆ ಅಲ್ಲಿ ಏನೂ ಇರುತ್ತಿರಲಿಲ್ಲ.

ಅಪರೂಪದ ವಿಷಯ, ಇಂಥದ್ದನ್ನು ಇದುವರೆಗೆ ಯಾರೂ ತೆಗೆದಿಲ್ಲ ಅಂದ ಮುಖ್ಯಗುರು. ಮೊದಲ ಬೆಂಚಿನವನು ಆಗಲೇ ಎದ್ದು ಹೆಂಗಸರ ಸಾಲಿನ ಕಡೆ ಕ್ಯಾಮೆರಾ ಏರಿಸುತ್ತಿದ್ದ. ನನ್ನಾಕೆಯನ್ನು ಹುಡುಕುತ್ತಿದ್ದ.

ನಾನು ಕುರ್ಚಿಯಿಂದ ಎದ್ದೆ. ಒಂದು ಸಲ ನಗು ಹೋಯಿತು. ಈಗ ನಗುವಿನ ಬೇರೂ ಹೋದರೆ ಅವಳ ಮುಖದಲ್ಲಿ ಏನು ಉಳಿಯುತ್ತದೆ? ನನಗೆ ಗೊತ್ತಿದ್ದ ವಿದ್ಯೆ ಒಂದೇ. ಅದನ್ನೇ ಬಿಟ್ಟೆ.

“ಕೂತ್ಕೊಳಪ್ಪ. ಅದನ್ನ ನಾನು ತೆಗೆದು ಆರು ವರ್ಷ ಆಯ್ತು” ಅಂದೆ.

ಅವನು ಕ್ಯಾಮೆರಾ ಇಳಿಸಿದ. ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ತೆಗೆಯುವುದಕ್ಕಿಂತ ದೊಡ್ಡ ಅವಮಾನ ನಮ್ಮೂರಲ್ಲಿ ಇಲ್ಲ. ನಾನು ಹುಡುಗಿಯ ಆಲ್ಬಮ್ ಇಸಕೊಂಡು ಮೊದಲ ಹಾಳೆಯಿಂದ ಶುರು ಮಾಡಿದೆ. ಬಾವಿ, ತೆಗೆದಿದ್ದೇನೆ. ಬೇವಿನ ಮರ, ತೆಗೆದಿದ್ದೇನೆ, ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು. ಹೂವಿನಾಕೆಯ ಮೊಳ, ತೆಗೆದಿದ್ದೇನೆ. ಕುಂಟೆಬಿಲ್ಲೆ, ಮೊಸರು, ಆಕಳಿಕೆ, ಎಲ್ಲ ತೆಗೆದಿದ್ದೇನೆ. ದಫ್ತರದವನು ಅಭ್ಯಾಸಬಲದಿಂದ ಬರೆಯುತ್ತ ಹೋದ: ಬಾವಿ, ತೆಗೆದಿದೆ. ಮರ, ತೆಗೆದಿದೆ. ನಲವತ್ತನೆಯದನ್ನು ಬರೆದು ಮಸಿ ಒಣಗಲಿ ಅಂತ ಊದುವ ಹೊತ್ತಿಗೆ ಮುಖ್ಯಗುರುವಿಗೆ ಎಚ್ಚರವಾಯಿತು.

ಅವನು ಬಾವಿಯ ಕಡೆ ಕೈ ತೋರಿಸಿ, ಇದು ಇಲ್ಲೇ ಇದೆಯಲ್ಲ ಮಾವ ಅಂದ.

ಕತ್ತೆಯೂ ಇಲ್ಲೇ ಇತ್ತಲ್ಲ ಅಂದೆ.

ಊರು ಹೌದು ಹೌದು ಅಂತ ಗುಜುಗುಜು ಮಾಡಿತು. ಮುಖ್ಯಗುರು ಸ್ವಲ್ಪ ಹೊತ್ತು ಬಾವಿಯನ್ನು ನೋಡಿದ, ಸ್ವಲ್ಪ ಹೊತ್ತು ದಫ್ತರವನ್ನು ನೋಡಿದ. ಬಾವಿಗಿಂತ ದಫ್ತರ ಹಳೆಯದು. ಆದರೂ ಅವನು ಬಿಡುವವನಲ್ಲ, ತೆಗೆಯುವುದನ್ನೇ ಕಲಿಸಿದವನು. ಫೋಟೋ ತೋರಿಸಿ ಅಂದ. ತೋರಿಸಿದರೆ ಒಪ್ಪುತ್ತೇನೆ, ಇಲ್ಲದಿದ್ದರೆ ಹುಡುಗರು ಇವತ್ತೇ ಕೆಲಸ ಶುರು ಮಾಡಲಿ, ಈ ಹುಡುಗಿಯನ್ನು ಬಸ್ಸಿಗೆ ಕಳಿಸೋಣ ಅಂದ.

ಇಬ್ಬರು ಹೋಗಿ ನನ್ನ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಗುಡ್ಡ, ಸಮುದ್ರ, ಸ್ಟೇಷನ್ ಎಲ್ಲ ಇದೆ ಅಂದುಕೊಂಡು ಸೊಂಟ ಬಗ್ಗಿಸಿ ಏದುಸಿರು ಬಿಡುತ್ತ ಹೊತ್ತು ತಂದರು. ಪೆಟ್ಟಿಗೆಯ ಭಾರ ಒಂದು ತೆಂಗಿನಕಾಯಿಯಷ್ಟು. ಪಾಪ, ಗೌರವ ಅಷ್ಟು ಭಾರ.

ಬೀಗ ತೆಗೆಯುವ ಮೊದಲು ನಾನೇ ಹೇಳಿಬಿಟ್ಟೆ. ಇದರಲ್ಲಿ ಗುಡ್ಡದ ಫೋಟೋ ಹುಡುಕಬೇಡಿ, ಸಿಗುವುದಿಲ್ಲ. ಯಾಕೆಂದರೆ ಒಂದು ದಿನ ನನ್ನ ಫೋಟೋಗಳನ್ನೆಲ್ಲ ನೆಲದ ಮೇಲೆ ಹರಡಿ, ಅವುಗಳದ್ದೇ ಒಂದು ಫೋಟೋ ತೆಗೆದೆ. ತೆಗೆದ ಮೇಲೆ ಅವು ಇರುತ್ತವೆಯೇ? ಹೋದವು.

ಸರಿ, ಆ ಒಂದು ಫೋಟೋ ತೋರಿಸಿ ಅಂದ ಮುಖ್ಯಗುರು. ಅದು ಚೆನ್ನಾಗಿ ಬಂದಿತ್ತು, ಅದರದೂ ಒಂದು ತೆಗೆದೆ ಅಂದೆ. ಅದನ್ನು ತೋರಿಸಿ ಅಂದ. ಅದರದೂ ತೆಗೆದೆ ಅಂದೆ. ಹೀಗೆ ನಾವಿಬ್ಬರೂ ಏಳೆಂಟು ಮೆಟ್ಟಿಲು ಇಳಿದೆವು. ದಫ್ತರದವನು ಒಂದೊಂದನ್ನೂ ಬರೆದುಕೊಂಡ.

ಆಗ ಹೆಂಗಸರ ಸಾಲಿನಿಂದ ನನ್ನಾಕೆ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡಿದವಳಲ್ಲ. ಮುಖದ ಮೇಲಿನ ಸೆರಗು ತೆಗೆದಳು.

“ಅಲ್ಲಾ ರೀ, ಅಷ್ಟೆಲ್ಲ ತೆಗೆದ ಕ್ಯಾಮೆರಾ ಎಲ್ಲಿದೆ?” ಅಂದಳು.

ನಾನು ಈ ಸಲ ಊರನ್ನು ನೋಡಲಿಲ್ಲ. ಅವಳ ತುಟಿಯ ಎಡಗಡೆ ತುದಿಯನ್ನು ನೋಡಿದೆ. ಅಲ್ಲಾಡುತ್ತಿತ್ತು. ಹುಡುಗಿ ಸುಳ್ಳು ಬರೆದಿರಲಿಲ್ಲ.

“ಅದನ್ನೂ ತೆಗೆದೆ ಕಣೇ. ಕನ್ನಡಿ ಮುಂದೆ ಹಿಡಿದು” ಅಂದೆ.

“ಹಿಡ್ಕೊಂಡೋರು ನೀವೇ ತಾನೆ?”

“ನಾನೇ.”

“ಹಂಗಾದ್ರೆ ಕನ್ನಡೀಲಿ ನೀವೂ ಇದ್ರಲ್ಲ. ನೀವೂ ಹೋಗ್ಬೇಕಿತ್ತಲ್ಲ.”

ಇಡೀ ಬದುಕಿನಲ್ಲಿ ನನ್ನ ಕಥೆಯಲ್ಲಿ ತೂತು ಹುಡುಕಿದವಳು ಅವಳೊಬ್ಬಳೇ. ಆ ತೂತಿನಲ್ಲಿ ನುಸುಳಿ ಹೋಗದೆ ಬೇರೆ ದಾರಿ ಇರಲಿಲ್ಲ.

“ಹೋದೆ. ನಾನು ಹೋಗಿ ನಲವತ್ತು ವರ್ಷ ಆಯ್ತು. ನೀನು ಗಮನಿಸ್ಲಿಲ್ಲ, ಅಷ್ಟೆ” ಅಂದೆ.

ಅವಳು ನನ್ನನ್ನು ನೋಡಿದಳು. ಒಂದು ಕೈ ಬಾಯಿಗೆ ಹೋಯಿತು. ಆ ಕೈ ಸಾಲಲಿಲ್ಲ, ಇನ್ನೊಂದು ಕೈ ಹೊಟ್ಟೆಗೆ ಹೋಯಿತು. ನಕ್ಕಳು. ಹಪ್ಪಳ, ಕಾಗೆ, ನನ್ನ ತಲೆ, ಆ ಬಿಸಿಲು, ಎಲ್ಲ ಸೇರಿದ ಅದೇ ನಗು. ನಲವತ್ತು ವರ್ಷ ಹಳೆಯದಾಗಿದ್ದರಿಂದ ಸ್ವಲ್ಪ ಕೆಮ್ಮು ಬೆರೆತಿತ್ತು. ಪಕ್ಕದ ಹೆಂಗಸು ಬೆನ್ನು ತಟ್ಟಿದಳು, ತಟ್ಟುತ್ತ ತಟ್ಟುತ್ತ ತಾನೂ ನಕ್ಕಳು. ಬೇವಿನ ಮರದಿಂದ ಯಾವುದೋ ಹಕ್ಕಿ ಹಾರಿತು. ಕಾಗೆ ಅನ್ನಲು ನನಗೆ ಆಸೆ, ಆದರೆ ಸರಿಯಾಗಿ ನೋಡಲಿಲ್ಲ. ನಾನು ಬೇರೆ ಕಡೆ ನೋಡುತ್ತಿದ್ದೆ.

ಈ ಗದ್ದಲದಲ್ಲಿ ಮುಖ್ಯಗುರು ಪೆಟ್ಟಿಗೆ ತೆರೆದಿದ್ದ. ತಳದಲ್ಲಿದ್ದ ಒಂದೇ ಫೋಟೋವನ್ನು ಎತ್ತಿ ಬಿಸಿಲಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ. ಬಿಳಿ ಕಾಗದ. ಅದರಲ್ಲಿ ಏನೂ ಇರಲಿಲ್ಲ.

ಇದರಲ್ಲಿ ಏನಿತ್ತು ಅಂತ ಕೇಳಿದ. ಈಗ ಕೇಳಿಸುತ್ತಿದೆಯಲ್ಲ, ಅದು ಅಂದೆ. ತೆಗೆದದ್ದು ತಿರುಗಿ ಬಂದರೆ ಯಾವ ಕಡೆ ಬರೆಯಬೇಕು ಅಂತ ದಫ್ತರದವನು ಪುಸ್ತಕವನ್ನು ಹಿಂದೆ ಮುಂದೆ ಮಗುಚಿದ. ಅಂಥದ್ದಕ್ಕೆ ಜಾಗವೇ ಇರಲಿಲ್ಲ. ಬರೆದಾಗಿದ್ದ ನಲವತ್ತನ್ನು ಅಳಿಸಿ ಅಂತ ಮುಖ್ಯಗುರು ಹೇಳಿ ನೋಡಿದ. ದಫ್ತರದವನು ಪುಸ್ತಕವನ್ನು ಎದೆಗೆ ಅವುಚಿಕೊಂಡು, ಈ ಪುಸ್ತಕದಿಂದ ಏನನ್ನೂ ತೆಗೆಯುವ ಹಾಗಿಲ್ಲ ಅಂದ. ಬಾವಿ ಇಲ್ಲ, ಮರ ಇಲ್ಲ, ಆಕಳಿಕೆ ಇಲ್ಲ, ಅತ್ತೆಯ ತುಟಿಯ ತುದಿ ಇಲ್ಲ. ಇಲ್ಲದ್ದನ್ನು ಯಾರೂ ತೆಗೆಯಬಾರದು. ಆಮೇಲೆ, ಹೇಳಿದ್ದನ್ನೆಲ್ಲ ಬರೆಯುವುದು ತನ್ನ ಧರ್ಮವಾದ್ದರಿಂದ, ಕೊನೆಯ ಸಾಲನ್ನೂ ಬರೆದ: ಮಾವ, ತೆಗೆದಿದೆ.

ಅಲ್ಲಿಗೆ ನಾನು ಹೋದೆ. ದೊಡ್ಡ ಕುರ್ಚಿಯನ್ನು ಮಡಿಸಿ ಒಳಗಿಟ್ಟರು. ನಾನು ಮತ್ತೆ ಹೋಗಿ ಅದರಲ್ಲಿ ಕೂತಿದ್ದೆ, ಆದರೂ ಮಡಿಸಿದರು.

ಉಳಿದದ್ದು ಹುಡುಗಿ. ಮುಖ್ಯಗುರು ಅವಳ ಆಲ್ಬಮ್ಮನ್ನು ಮತ್ತೆ ತಿರುವಿ ಹಾಕಿದ. ದಫ್ತರದ ಪ್ರಕಾರ ಬಾವಿ ಇಲ್ಲ. ಅವಳ ಹಾಳೆಯಲ್ಲೂ ಬಾವಿ ಇಲ್ಲ. ಮರ ಇಲ್ಲ, ಹಾಳೆಯಲ್ಲೂ ಮರ ಇಲ್ಲ. ನಲವತ್ತಕ್ಕೆ ನಲವತ್ತು ತಾಳೆಯಾಯಿತು. ಶಾಲೆಯ ಇತಿಹಾಸದಲ್ಲೇ ಇಷ್ಟು ಕರಾರುವಾಕ್ಕಾದ ಕೆಲಸ ಬಂದಿಲ್ಲ ಅಂತ ಅವನು ಒಪ್ಪಲೇಬೇಕಾಯಿತು. ಎರಡನೆಯ ಪ್ರಶ್ನೆ ಕೇಳಿದ, ಯಾರ ಕಣ್ಣಿಂದ?

“ಇಲ್ಲದವರೊಬ್ಬರ ಕಣ್ಣಿಂದ” ಅಂದಳು. ಅನ್ನುವಾಗ ನಾನು ನಿಂತಿದ್ದ ಕಡೆ ನೋಡಲಿಲ್ಲ. ಜಾಣೆ.

ಮೂರನೆಯದು. ಇನ್ನೇನು ತೆಗೆಯುವೆ?

ಅವಳು ತಂಬಿಗೆಯಲ್ಲಿ ಉಳಿದಿದ್ದ ನೀರಿನಿಂದ ಮತ್ತೊಂದು ಸಲ ಮುಖ ತೊಳೆದಳು. ಎರಡೂ ರೆಪ್ಪೆ ಮುಚ್ಚಿ ನೀರು ಇಳಿಯಲು ಬಿಟ್ಟಳು.

“ಕಣ್ಣು” ಅಂದಳು. ತೆಗೆದಳು. ಸುಮ್ಮನೆ ನೋಡುತ್ತ ನಿಂತಳು.

ಮೊದಲ ಬೆಂಚಿನವನು ಕಣ್ಣು ಅನ್ನುವುದನ್ನು ಕೇಳಿದ್ದೇ ತಡ, ತನ್ನ ಎರಡೂ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಓಡಿದ. ಅವನ ಹಿಂದೆ ಆ ಆರು ಜನ. ನಾಲ್ಕು ರಸ್ತೆಯಲ್ಲಿ ಇಲ್ಲದ ನಾಲ್ಕನೆಯದನ್ನು ಹಿಡಿದು ಓಡಿದರಂತೆ. ಇದನ್ನು ನಾನು ನೋಡಿಲ್ಲ, ಆದರೆ ನಾನು ಹೇಳಿದರೆ ನಡೆದಿರಬೇಕು.

ಇವತ್ತಿಗೂ ನಾನು ಇಲ್ಲ. ರಸ್ತೆಯಲ್ಲಿ ಹೋದರೆ ಯಾರೂ ನಮಸ್ಕಾರ ಮಾಡುವುದಿಲ್ಲ, ಮಾತಾಡಿದರೆ ಗಾಳಿ ಜೋರಾಗಿದೆ ಅನ್ನುತ್ತಾರೆ. ಬಾವಿಕಟ್ಟೆಯ ಮೇಲೆ ಕೂತುಕೊಳ್ಳುತ್ತೇನೆ, ಬಾವಿಯೂ ಇಲ್ಲ, ಇಬ್ಬರಿಗೂ ಹೊಂದುತ್ತದೆ. ಇಲ್ಲದ ಬಾವಿಯಿಂದ ಊರೆಲ್ಲ ನೀರು ಸೇದುತ್ತದೆ. ಕೊನೆಯ ಬೆಂಚಿನವಳು ಆಗಾಗ ಬಂದು ಪಕ್ಕದಲ್ಲಿ ಕೂರುತ್ತಾಳೆ. ಕ್ಯಾಮೆರಾ ಅವಳದಾಯಿತು, ಕೊರಳಲ್ಲಿ ಇರುತ್ತದೆ. ಇವತ್ತು ಏನು ಬಿಟ್ಟೆ ಅಂತ ಕೇಳುತ್ತೇನೆ, ಹೇಳುತ್ತಾಳೆ. ನೀವೇನು ಬಿಟ್ಟಿರಿ ಮಾವ ಅಂತ ಕೇಳುತ್ತಾಳೆ, ನಾನೂ ಹೇಳುತ್ತೇನೆ. ನನ್ನದೇ ದೊಡ್ಡದಿರುತ್ತದೆ.

ಆ ಬಿಳಿ ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ನೀವು ಮನೆಗೆ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ, ನನ್ನ ಕೆಲಸಗಳಲ್ಲೆಲ್ಲ ಅದು ಉತ್ತಮ. ಏನೂ ಕಾಣುತ್ತಿಲ್ಲವಲ್ಲ ಅನ್ನುತ್ತೀರಿ, ಬಂದವರೆಲ್ಲ ಅನ್ನುತ್ತಾರೆ. ಸ್ವಲ್ಪ ಕೂತುಕೊಳ್ಳಿ. ಕಾಫಿ ಆಗುತ್ತಿದೆ. ನಾನು ಗುಡ್ಡದ ಕಥೆ ಶುರು ಮಾಡುತ್ತೇನೆ, ನೀವು ಅಡುಗೆಮನೆಯ ಕಡೆ ಕಿವಿ ಇಡಿ.